ಸೆಯ್ಬಾಲ್ ದೇಶದ ತಂತಿ ಅರ್ಜಿ

ಸೆಯ್ಬಾಲ್ ಗಣರಾಜ್ಯದಲ್ಲಿ ಏಪ್ರಿಲ್ ಒಂಬತ್ತರಂದು ಬೆಳಿಗ್ಗೆ ಹತ್ತು ನಲವತ್ತಕ್ಕೆ ಎರಡು ರೈಲುಗಳು ಒಂದೇ ಹಳಿಯ ಮೇಲೆ ಎದುರುಬದುರಾಗಿ ಬಂದು ಗುದ್ದಿದವು; ಹನ್ನೊಂದು ಮಂದಿ ಸತ್ತರು. ಅಂಥ ದೇಶ ಯಾವ ಭೂಪಟದಲ್ಲೂ ಇಲ್ಲವೆಂಬ ಕಾರಣಕ್ಕೆ ಸತ್ತವರಿಗೆ ಯಾವುದೇ ರಿಯಾಯಿತಿ ದೊರೆಯಲಿಲ್ಲ.

ದೇಶ ಇದ್ದದ್ದು ನಿಬಿಯಾ ಸರಸೂವಳ ಕಂಪ್ಯೂಟರಿನಲ್ಲಿ. ನಿಬಿಯಾ ಮೆರ್ಸೆದೆಸ್ ಊರಿನ ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷದಿಂದ ಟಿಕೆಟ್ ಕೊಡುವವಳು. ಗಾಜಿನ ಹಿಂದೆ ಕೂತು ಜನರನ್ನು ಮೊಂತೆವಿದೇವೊಗೆ, ಪೈಸಾಂದೂಗೆ, ಫ್ರಾಯ್ ಬೆಂತೋಸ್‌ಗೆ ಕಳಿಸಿ ಕಳಿಸಿ, ತಾನು ಎಲ್ಲಿಗೂ ಹೋಗದೆ, ಹದಿನಾಲ್ಕು ವರ್ಷದ ಹಿಂದೆ ತನ್ನದೇ ಒಂದು ದೇಶ ಕಟ್ಟಿಕೊಂಡಿದ್ದಳು. 'ಹೊಸ ಭೂಗೋಳ' ಎಂಬುದು ಅಂತರ್ಜಾಲದ ಆಟ. ಸೇರಿದವರು ತಲೆಗೊಂದು ದೇಶ ಕಟ್ಟಿ, ಅದರ ಆಗುಹೋಗುಗಳನ್ನು ಎಲ್ಲರೂ ಓದುವ ಫಲಕದಲ್ಲಿ ಬರೆಯಬೇಕು. ಯುದ್ಧ, ಸಂಧಿ, ಮದುವೆ, ನೆರೆ ಎಲ್ಲವೂ ಬರವಣಿಗೆಯಲ್ಲೇ. ಅಪಘಾತಗಳನ್ನು ಮಾತ್ರ ಆಟದ ಸಮಿತಿ ತಿಂಗಳ ಒಂಬತ್ತರಂದು ದಾಳ ಹಾಕಿ ತೀರ್ಮಾನಿಸುತ್ತಿತ್ತು. ಇಪ್ಪತ್ತಾರು ದೇಶಗಳಿದ್ದವು. ಒಡೆಯರೆಲ್ಲ ಹೆಚ್ಚುಕಮ್ಮಿ ಅದೇ ಊರಿನವರು. ಸಂತೆಯಲ್ಲಿ ಸಿಕ್ಕರೆ ಒಬ್ಬರ ಗಡಿ ಇನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು.

ಯಾರ ದೇಶದಲ್ಲಿ ಏನಿರಬಹುದು, ಏನಿರಕೂಡದು ಎಂಬುದಕ್ಕೆ ತಂತ್ರಜ್ಞಾನದ ಮಟ್ಟಗಳಿದ್ದವು. ಒಂದನೆಯದು ಕಲ್ಲು, ಎರಡನೆಯದು ಕಬ್ಬಿಣ ಮತ್ತು ಹಾಯಿ, ಮೂರನೆಯದು ಹಬೆ, ನಾಲ್ಕನೆಯದು ಈಗಿನದು, ಐದನೆಯದು ನಾಳಿನದು, ಆರನೆಯದು ನಕ್ಷತ್ರಗಳ ನಡುವೆ ಓಡಾಟ. ಒಂದರ ಕೆಳಗೆ ಸೊನ್ನೆ ಅಂತಲೂ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ. ಸಮಾನ ಮಟ್ಟದ ದೇಶಗಳು ಮಾತ್ರ ಯುದ್ಧ ಮಾಡಬಹುದು. ಬಿಲ್ಲುಬಾಣದವನ ಮೇಲೆ ಬಾಂಬು ಹಾಕುವುದು ಅಸಭ್ಯ.

ಸೆಯ್ಬಾಲ್ ಮೂರನೇ ಮಟ್ಟದ ದೇಶ. ಅಲ್ಲಿ ಒಂದು ಬಂದರು, ಏಳು ನಿಲ್ದಾಣ, ಒಂದು ರೈಲುಮಾರ್ಗ. ಆ ರೈಲಿನ ವೇಳಾಪಟ್ಟಿಯನ್ನು ನಿಬಿಯಾ ಹದಿನಾಲ್ಕು ವರ್ಷ ತಿದ್ದಿದ್ದಳು. ಭಾನುವಾರ ಪ್ರಾರ್ಥನೆ ಮುಗಿಸಿ ಬರುವವರಿಗಾಗಿ ಆರು ನಿಮಿಷ ತಡ, ಕುರಿ ಉಣ್ಣೆ ಕತ್ತರಿಸುವ ಕಾಲಕ್ಕೆ ಒಂದು ಹೆಚ್ಚುವರಿ ಡಬ್ಬಿ, ಎಲ್ಲ ಇತ್ತು. ಸತ್ತ ಹನ್ನೊಂದು ಮಂದಿಗೂ ಅವಳೇ ಹೆಸರಿಟ್ಟಿದ್ದಳು. ಅವರಲ್ಲೊಬ್ಬಳು ಮೂರನೇ ನಿಲ್ದಾಣದ ಮೇಲ್ವಿಚಾರಕನ ಹೆಂಡತಿ. ತಂಗಿಯ ಬಾಣಂತನಕ್ಕೆ ಹೊರಟಿದ್ದಳು.

ಮರುದಿನ ಕೌಂಟರಿನಲ್ಲಿ ನಿಬಿಯಾ ಪೈಸಾಂದೂಗೆ ಹೋಗಬೇಕಾದ ಒಬ್ಬ ಮುದುಕನಿಗೆ ಮೊಂತೆವಿದೇವೊ ಟಿಕೆಟ್ ಕೊಟ್ಟಳು.

"ಏನೇ ಆಯ್ತು ನಿಂಗೆ?" ಅಂದಳು ಪಕ್ಕದ ಕೌಂಟರಿನ ಗ್ಲಾದಿಸ್, ಮಾಟೆ ಕಷಾಯದ ಬುರುಡೆ ಮುಂದೆ ಚಾಚುತ್ತ.

"ಹನ್ನೊಂದು ಜನ ಹೋದ್ರು ಕಣೇ."

"ಅಯ್ಯೋ ದೇವ್ರೇ! ಯಾವ ಬಸ್ಸು?"

"ಬಸ್ಸಲ್ಲ, ರೈಲು. ನನ್ನ ರೈಲು."

ಗ್ಲಾದಿಸ್ ಬುರುಡೆ ವಾಪಸ್ ತೆಗೆದುಕೊಂಡಳು. "ನಿನ್ನ ತಲೆ. ಹೋಗ್ಲಿ, ಈ ಕಡೆ ರೈಲು ಬರ್ತಿದೆ, ನೀನು ನಿಲ್ಲು ಅಂತ ಆ ಕಡೆಯವನಿಗೆ ಒಂದು ಮಾತು ಹೇಳೋಕ್ಕಾಗ್ತಿರ್ಲಿಲ್ವಾ?"

"ಹೇಗೆ ಹೇಳ್ಲಿ? ನಮ್ಮಲ್ಲಿನ್ನೂ ತಂತಿ ಬಂದಿಲ್ಲ."

"ತಂದ್ಕೋ. ನಿಂದೇ ದೇಶ ತಾನೆ? ಬರೆದ್ರಾಯ್ತು, ತಂತಿ ಬಂತು ಅಂತ."

"ಹಾಗೆಲ್ಲ ಬರೆಯೋಕ್ಕಾಗಲ್ಲ ಗ್ಲಾದಿಸ್. ಅರ್ಜಿ ಹಾಕ್ಬೇಕು."

ತಂತಿ, ಅಂದರೆ ಟೆಲಿಗ್ರಾಫು, ಮೂರನೇ ಮಟ್ಟದ ಮೇಲ್ಭಾಗಕ್ಕೆ ಸೇರಿದ ವಸ್ತು. ಅದನ್ನು ಕೊಡುವ ಅಧಿಕಾರ ತಂತ್ರಜ್ಞಾನ ಮಟ್ಟ ನಿರ್ಣಯ ಸಮಿತಿಯದು. ಸಮಿತಿಯ ಅಧ್ಯಕ್ಷರು ದೋನ್ ವಿಲ್ಮಾರ್ ಪಿರೀಸ್. ಅವರು ಪುರಸಭೆಯಲ್ಲಿ ಮೂವತ್ತೊಂದು ವರ್ಷ ವಾಹನ ಚಾಲನಾ ಪರವಾನಗಿಗೆ ಮೊಹರು ಒತ್ತಿ ನಿವೃತ್ತರಾದವರು. ನಿವೃತ್ತಿಯ ಮಾರನೇ ದಿನವೇ ಬಲಗೈ ನಡುಗತೊಡಗಿತು. ಏನಾದರೂ ಮಂಜೂರು ಮಾಡದೆ ಇಟ್ಟುಕೊಳ್ಳುವ ಕೆಲಸ ಹಿಡಿಯಿರಿ ಎಂದು ವೈದ್ಯರು ಹೇಳಿದ್ದರಿಂದ ಆಟಕ್ಕೆ ಸೇರಿದ್ದರು. ಅವರದೂ ಒಂದು ದೇಶವಿತ್ತು; ಅದರಲ್ಲಿ ಪ್ರಜೆಗಳಿರಲಿಲ್ಲ, ಕಚೇರಿಗಳಿದ್ದವು.

ನಿಬಿಯಾ ಅರ್ಜಿ ಹಾಕಿದಳು. ಹತ್ತೊಂಬತ್ತನೇ ದಿನ ಹಿಂಬರಹ ಬಂತು:

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸೆಯ್ಬಾಲ್ ಗಣರಾಜ್ಯವು ತಂತಿಯನ್ನು ಕೋರಿ ಸಲ್ಲಿಸಿರುವ ಅರ್ಜಿಯನ್ನು ಪರಿಶೀಲಿಸಲಾಗಿ, ಕೆಳಕಂಡ ನ್ಯೂನತೆಗಳು ಕಂಡುಬಂದಿರುತ್ತವೆ. ತಂತಿಗೆ ತಾಮ್ರ ಬೇಕಿರುತ್ತದೆ. ಸದರಿ ದೇಶದಲ್ಲಿ ತಾಮ್ರದ ಗಣಿ ಇದೆಯೆಂದು ಎಂಟು ವರ್ಷದ ಹಿಂದೆ ಬರೆಯಲಾಗಿದ್ದರೂ ಆ ವಾಕ್ಯದಲ್ಲಿ 'ಬಹುಶಃ' ಎಂಬ ಪದ ಇರುವುದರಿಂದ ಗಣಿಯನ್ನು ಪರಿಗಣಿಸಲಾಗುವುದಿಲ್ಲ. ತಂತಿಯನ್ನು ಕಂಡುಹಿಡಿದವರು ಕನಿಷ್ಠ ಎರಡು ಬಾರಿ ವಿಫಲರಾಗಿರುವ ಬಗ್ಗೆ ದೃಢೀಕೃತ ಪ್ರತಿ ಲಗತ್ತಿಸಿರುವುದಿಲ್ಲ. ಅಲ್ಲದೆ, ತಂತಿಯೇ ಇಲ್ಲದ ದೇಶವು ಈ ಅರ್ಜಿಯನ್ನು ಅಂತರ್ಜಾಲದ ಮೂಲಕ ಹೇಗೆ ಕಳುಹಿಸಿತು ಎಂಬ ಬಗ್ಗೆ ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು."

ನಿಬಿಯಾ ಸಮಜಾಯಿಷಿ ಕೊಟ್ಟಳು. ಗಣಿಯಿಂದ 'ಬಹುಶಃ' ತೆಗೆಸಿದಳು. ಪ್ರೂದೆನ್ಸಿಯಾ ಎಂಬ ವಿಧವೆಯನ್ನು ಸೃಷ್ಟಿಸಿ, ಅವಳ ಕೈಯಲ್ಲಿ ಎರಡು ಸಲ ತಂತಿ ಸುಡಿಸಿ, ಸಾಕ್ಷಿಗೆ ಒಬ್ಬ ಪಾದ್ರಿಯನ್ನು ನಿಲ್ಲಿಸಿದಳು. ಪಾದ್ರಿಯ ಗುರುತಿನ ದಾಖಲೆ ಕೇಳಿ ಇನ್ನೊಂದು ಹಿಂಬರಹ ಬಂತು. ಅಷ್ಟರಲ್ಲಿ ಮೇ ಒಂಬತ್ತಕ್ಕೆ ಸಮಿತಿಯ ದಾಳದಲ್ಲಿ ಮತ್ತೆ ಅದೇ ಸಂಖ್ಯೆ ಬಿತ್ತು. ಈ ಬಾರಿ ಎಂಟು ಮಂದಿ.

ಅದೇ ವಾರ ಹಲ್ಲಿನ ಬೇರಿಗೆ ಚಿಕಿತ್ಸೆ ಮಾಡಿಸಿಕೊಳ್ಳಲು ನಿಬಿಯಾ ಡಾಕ್ಟರ್ ಎಬೆರ್ ಬೆಂತಾಂಕೂರರ ಕುರ್ಚಿಯಲ್ಲಿ ಒರಗಿದ್ದಳು. ಊರಿನ ಹಲ್ಲಿನ ಡಾಕ್ಟರಾದ ಎಬೆರ್, ಆಟದಲ್ಲಿ ಆರನೇ ಮಟ್ಟದ ಸಾಮ್ರಾಟರು. ಒಂಬತ್ತು ಸಾವಿರ ವ್ಯೋಮನೌಕೆಗಳಿದ್ದವು. ಆ ಮಟ್ಟದಲ್ಲಿ ಅವರೊಬ್ಬರೇ ಇದ್ದುದರಿಂದ ಹೊಡೆದಾಡಲು ಯಾರೂ ಇಲ್ಲದೆ ನಾಲ್ಕು ವರ್ಷದಿಂದ ಬೇಸತ್ತಿದ್ದರು.

"ಬಾಯಿ ಇನ್ನೂ ಸ್ವಲ್ಪ ಅಗಲಿಸಿ. ಹಾಂ. ನೋವಾದ್ರೆ ಎಡಗೈ ಎತ್ತಿ ನಿಬಿಯಾ ಅವ್ರೇ." ಹತ್ತಿ ತುರುಕಿ, ಕೊರೆಯುವ ಯಂತ್ರ ಕೈಗೆ ತೆಗೆದುಕೊಂಡು ಅವರು ಮುಂದುವರಿಸಿದರು. "ಒಂದು ವಿಷಯ ಹೇಳ್ಬೇಕಿತ್ತು. ಬುಧವಾರ ನಿಮ್ಮ ಬಂದರಿನ ಮೇಲೆ ದಾಳಿ ಮಾಡೋಣ ಅಂತಿದ್ದೀನಿ."

ನಿಬಿಯಾ ಎಡಗೈ ಎತ್ತಿದಳು.

"ಇದು ಹಲ್ಲಿಗೋ, ಬಂದರಿಗೋ?"

ನಿಬಿಯಾ ಎರಡೂ ಕೈ ಎತ್ತಿದಳು. ಹತ್ತಿ ತೆಗೆದ ಮೇಲೆ ಉಗುಳಿ ಬಾಯೊರೆಸಿಕೊಂಡು ಕೇಳಿದಳು: "ನಿಮ್ಮ ಹತ್ರ ನಕ್ಷತ್ರಗಳೇ ಇವೆಯಲ್ಲ ಡಾಕ್ಟ್ರೇ. ನನ್ನ ಬಂದರು ಯಾಕೆ ಬೇಕು?"

"ನಕ್ಷತ್ರದಲ್ಲಿ ಮೀನು ಸಿಗಲ್ಲ ನೋಡಿ."

"ನೀವು ಆರನೇ ಮಟ್ಟ, ನಾನು ಮೂರು. ಆಗಲ್ಲ."

"ಇಳಿದು ಬರ್ತೀನಿ," ಅಂದರು ಡಾಕ್ಟರ್ ವಿನಯದಿಂದ. "ಶುಕ್ರವಾರ ಬನ್ನಿ, ಹಲ್ಲು ಮುಚ್ಚಿ ಕೊಡ್ತೀನಿ."

ಮೇಲೇರಲು ಹದಿನಾಲ್ಕು ಲಗತ್ತು ಬೇಕು. ಇಳಿಯಲು ಒಂದು ಸಹಿ ಸಾಕು. ಹೆಚ್ಚುವರಿ ಜ್ಞಾನವನ್ನೆಲ್ಲ ಮರೆತಿರುವುದಾಗಿ ಸ್ವಯಂಘೋಷಣೆ ಕೊಡಬೇಕು, ಅಷ್ಟೆ. ಡಾಕ್ಟರ್ 'ಮರೆತಿದ್ದೇನೆ' ಎಂದು ಬರೆದು ಸಹಿ ಹಾಕಿದರು. ನಲವತ್ತು ನಿಮಿಷದಲ್ಲಿ ಸುತ್ತೋಲೆ ಹೊರಬಿತ್ತು: "ಸದರಿ ಒಂಬತ್ತು ಸಾವಿರ ವ್ಯೋಮನೌಕೆಗಳು ನೀರಿನಲ್ಲೂ ತೇಲುವುದು ಕಂಡುಬಂದಿರುವುದರಿಂದ ಅವುಗಳನ್ನು ಹಬೆದೋಣಿಗಳೆಂದು ಪರಿಗಣಿಸಲಾಗಿದೆ." ಅದೇ ವಾರ ದೋನ್ ವಿಲ್ಮಾರ್ ಅವರ ಬಾಯಿಗೆ ಮೇಲ್ಸಾಲಿನ ಹೊಸ ಹಲ್ಲಿನ ಸೆಟ್ಟು ಬಂದದ್ದು ಎಲ್ಲರೂ ನೋಡಿದರು, ಎರಡಕ್ಕೂ ಸಂಬಂಧವಿದೆಯೆಂದು ಯಾರೂ ಹೇಳಲಿಲ್ಲ. ಸಂಬಂಧವಿಲ್ಲವೆಂದು ದೋನ್ ವಿಲ್ಮಾರ್ ಮಾತ್ರ, ಯಾರೂ ಕೇಳದಿದ್ದರೂ, ನಗುತ್ತ ಹೇಳುತ್ತಿದ್ದರು. ನಕ್ಕಾಗ ಹಲ್ಲು ಚೆನ್ನಾಗಿ ಕಾಣುತ್ತಿತ್ತು.

ಬುಧವಾರ ಒಂಬತ್ತು ಸಾವಿರ ದೋಣಿಗಳು ಸೆಯ್ಬಾಲ್ ಬಂದರಿನ ಮುಂದೆ ಬಂದು ನಿಂತವು. ಬಂದರಿನಲ್ಲಿ ಹದಿನೇಳು ದೋಣಿ ನಿಲ್ಲುವಷ್ಟು ಜಾಗವಿತ್ತು. ನಿಬಿಯಾ ನಿಯಮಾವಳಿ ತೆಗೆದು, ಊಟದ ಬಿಡುವಿನಲ್ಲಿ ತೋರ್ತಾ ಫ್ರೀತಾ ಎಂಬ ಕರಿದ ರೊಟ್ಟಿ ಕಚ್ಚುತ್ತ, ಎಣ್ಣೆಗೈಯಲ್ಲೇ ಪುಟ ತಿರುಗಿಸಿದಳು. ಎಂಬತ್ತೆಂಟನೇ ನಿಯಮಕ್ಕೆ ಬಂದು ಬೆರಳು ನಿಂತಿತು.

"ಯಾವ ದೇಶದ ಮಟ್ಟೋನ್ನತಿ ಅರ್ಜಿಯು ಪರಿಶೀಲನೆಯಲ್ಲಿದೆಯೋ ಆ ದೇಶದ ಮಟ್ಟವು ಸ್ಥಗಿತಗೊಂಡಿರತಕ್ಕದ್ದು. ಮಟ್ಟ ಸ್ಥಗಿತಗೊಂಡ ದೇಶವು ಯಾವ ಮಟ್ಟಕ್ಕೂ ಸಮಾನವಲ್ಲವಾದ್ದರಿಂದ ಅದರ ಮೇಲೆ ಯುದ್ಧ ಮಾಡುವಂತಿಲ್ಲ."

ಅವಳು ಎರಡು ಸಲ ಓದಿದಳು. ಆಮೇಲೆ ಗ್ಲಾದಿಸಳಿಗೆ ಓದಿ ಹೇಳಿದಳು.

"ಅಂದ್ರೆ?"

"ಅಂದ್ರೆ ನನ್ನ ಅರ್ಜಿ ಆ ಮುದುಕರ ಮೇಜಿನ ಮೇಲೆ ಕೊಳೀತಾ ಇರೋವರೆಗೂ ನನ್ನ ಬಂದರು ನಂದೇ."

ಶುಕ್ರವಾರ ಡಾಕ್ಟರ್ ಹಲ್ಲು ಮುಚ್ಚುವಾಗ ಅವರ ಮುಖ ಸಪ್ಪಗಿತ್ತು. "ನಿಮ್ಮ ತಂತಿ ಯಾವಾಗ ಬರುತ್ತೆ ನಿಬಿಯಾ ಅವ್ರೇ? ಪಾಪ, ಅಷ್ಟು ಜನ ಸಾಯ್ತಿದ್ದಾರೆ. ನನ್ನಿಂದ ಏನಾದ್ರೂ ಆಗ್ಬೇಕಾ?"

ಆದದ್ದು ಹಾಗೆಯೇ. ಸೆಯ್ಬಾಲ್ ಮೇಲೆ ದಾಳಿ ಮಾಡಬೇಕೆಂದಿದ್ದವರೇ ಸೆಯ್ಬಾಲ್‌ಗೆ ತಂತಿ ಕೊಡಿಸಲು ಓಡಾಡತೊಡಗಿದರು. ದೋನ್ ವಿಲ್ಮಾರ್ ಮನೆಗೆ ಬಿಸ್ಕೋಚೊ ತಿಂಡಿಯ ಪೊಟ್ಟಣ ಹೋಯಿತು. ಕೆಳಸಾಲಿನ ಹಲ್ಲಿನ ಪ್ರಸ್ತಾಪವೂ ಹೋಯಿತು.

"ಡಾಕ್ಟ್ರೇ, ಮೇಲಿನ ಸಾಲು ಬೇರೆ," ಅಂದರಂತೆ ದೋನ್ ವಿಲ್ಮಾರ್. "ಅದು ಇಳಿಸೋ ಕೆಲ್ಸ. ಇದು ಏರಿಸೋದು. ಮೂವತ್ತೊಂದು ವರ್ಷದಲ್ಲಿ ಒಂದು ಕಡತಾನೂ ನಾನು ಬೇಗ ಬಿಟ್ಟಿಲ್ಲ. ನಮ್ಮಮ್ಮನ ಲೈಸೆನ್ಸೂ ಬಿಟ್ಟಿಲ್ಲ. ಪಾಪ, ನಡ್ಕೊಂಡೇ ಹೋದ್ಲು."

ಆದರೂ ಹಲ್ಲು ಹಲ್ಲೇ. ಜೂನ್ ಕೊನೆಗೆ ದೋನ್ ವಿಲ್ಮಾರ್ ಮೆತ್ತಗಾಗಿ, 'ಇನ್ನೊಂದು ದಾಖಲೆ ಸಾಕು' ಎನ್ನುವ ಹಂತಕ್ಕೆ ಬಂದರು. ಅಂದು ನಿಬಿಯಾ ಹೆದರಿದಳು. ಎರಡು ತಿಂಗಳು ಯಾವುದಕ್ಕಾಗಿ ಕಾದಿದ್ದಳೋ ಅದು ಬಂದುಬಿಡುವ ಸಂಭವವಿತ್ತು; ತಂತಿ ಸಿಕ್ಕರೆ ಬಂದರು ಹೋಗುತ್ತಿತ್ತು. ಆ ದಾಖಲೆಯನ್ನು ಅವಳು ಸಹಿ ಹಾಕದೆ ಕಳಿಸಿದಳು. ಅದು ವಾಪಸ್ ಬಂತು. ಸಹಿ ಹಾಕಿ, ದಿನಾಂಕ ಬಿಟ್ಟು ಕಳಿಸಿದಳು. ಅದೂ ಬಂತು. ಪಾದ್ರಿಯ ಹೆಸರನ್ನು ಎರಡು ಕಡೆ ಎರಡು ಥರ ಬರೆದಳು. ಅದು ಒಂದು ತಿಂಗಳು ತಿಂದಿತು. ಅದರ ನಡುವೆ ಜುಲೈ ಒಂಬತ್ತಕ್ಕೆ ಹದಿಮೂರು ಮಂದಿ ಹೋದರು. ಅವರಿಗೆ ಹೆಸರಿಡಲು ಕೂತವಳು ಏಳನೆಯವನವರೆಗೆ ಇಟ್ಟು, ಕೌಂಟರಿನ ಮುಂದೆ ಸಾಲು ಬೆಳೆದದ್ದರಿಂದ, ಉಳಿದವರನ್ನು 'ಇತರರು' ಎಂದು ಬರೆದಳು.

ಅತ್ತ ಡಾಕ್ಟರ್ ಸುಮ್ಮನೆ ಕೂರುವವರಲ್ಲ. ಒಂಬತ್ತು ಸಾವಿರ ದೋಣಿಗೆ ಕೆಲಸ ಬೇಕು. ಮೂರನೇ ಮಟ್ಟದಲ್ಲಿದ್ದ ಎರಡು ದೇಶಗಳನ್ನು ಒಂದೇ ವಾರದಲ್ಲಿ ನುಂಗಿದರು. ಒಂದು ಔಷಧಿ ಅಂಗಡಿಯವನದು, ಇನ್ನೊಂದು ಸಂಗೀತದ ಮೇಷ್ಟ್ರದು. ಉಳಿದ ದೇಶಗಳಲ್ಲಿ ಹಾಹಾಕಾರವೆದ್ದಿತು. ಮೇಲೇರಿ ತಪ್ಪಿಸಿಕೊಳ್ಳೋಣವೆಂದರೆ, ಒಂದು ಕಡತ ವಿಲೇವಾರಿಯಾಗದೆ ಸಮಿತಿ ಇನ್ನೊಂದನ್ನು ತೆರೆಯುವಂತಿಲ್ಲ, ತೆರೆದಿದ್ದದ್ದು ನಿಬಿಯಾಳದು. ಹಾಗಾಗಿ ಎಲ್ಲರೂ, ಮೇಲಿನ ಮಟ್ಟದವರೂ ಗಾಬರಿಬಿದ್ದು, ಇಳಿದರು. ಸೆಯ್ಬಾಲ್ ಒಂದನ್ನು ಬಿಟ್ಟು ಎಲ್ಲ ದೇಶಗಳೂ ಒಂದೇ ರಾತ್ರಿಯಲ್ಲಿ ಹಬೆಯನ್ನೂ ವಿದ್ಯುತ್ತನ್ನೂ ಮರೆತು ಕಬ್ಬಿಣ ಮತ್ತು ಹಾಯಿಗೆ ಬಂದವು. ಡಾಕ್ಟರೂ 'ಮರೆತಿದ್ದೇನೆ' ಎಂದು ಸಹಿ ಹಾಕಿ, ದೋಣಿಗಳಿಗೆ ಬಟ್ಟೆ ಕಟ್ಟಿ ಹಿಂದೆಯೇ ಬಂದರು. ಎಲ್ಲರೂ ಕಲ್ಲಿಗೆ ಇಳಿದರು. ಡಾಕ್ಟರ್ ಒಂಬತ್ತು ಸಾವಿರ ಮರದ ದಿಮ್ಮಿಗಳ ಮೇಲೆ ಕೂತು ಬಂದರು.

ಕಲ್ಲಿನ ಮಟ್ಟದಲ್ಲಿ ಒಂದು ತೊಡಕು ಎದುರಾಯಿತು. ಆ ಕಾಲಕ್ಕೆ ಬರವಣಿಗೆ ಹುಟ್ಟಿರಲಿಲ್ಲ. ಸಮಿತಿಯ ಕೊನೆಯ ಸುತ್ತೋಲೆ ಸ್ಪಷ್ಟವಾಗಿತ್ತು: "ಒಂದನೇ ಮಟ್ಟದ ದೇಶಗಳು ಫಲಕದಲ್ಲಿ ಅಕ್ಷರಗಳನ್ನು ಬಳಸುವುದು ಅಕ್ರಮ ತಂತ್ರಜ್ಞಾನವಾಗುತ್ತದೆ. ಸದರಿ ದೇಶಗಳು ಇನ್ನು ಮುಂದೆ ಖಾಲಿ ಬರಹಗಳನ್ನೇ ಪ್ರಕಟಿಸತಕ್ಕದ್ದು." ಕೊನೆಯದು ಏಕೆಂದರೆ, ದೋನ್ ವಿಲ್ಮಾರ್ ಅವರ ದೇಶವೂ ದಿಮ್ಮಿಗಳಿಗೆ ಹೆದರಿ ಅದೇ ಸಂಜೆ ಕಲ್ಲಿಗೆ ಇಳಿಯಿತು.

ಅಂದಿನಿಂದ ಫಲಕದಲ್ಲಿ ಖಾಲಿ ಬರಹಗಳು ಬೀಳತೊಡಗಿದವು. ಔಷಧಿ ಅಂಗಡಿಯವನು ಒಂದು ಉದ್ದನೆಯ ಖಾಲಿ ಹಾಕಿದ. ಅದರಲ್ಲಿ ದೇಶ ಕಳೆದುಕೊಂಡವನ ನೋವು ತುಂಬಿತ್ತೆಂದು ಎಲ್ಲರೂ ಮೆಚ್ಚಿದರು. ಡಾಕ್ಟರ್ ಅದಕ್ಕೆ ಖಾರವಾದ ಖಾಲಿಯಲ್ಲಿ ಉತ್ತರಿಸಿದರು. ಸಂಗೀತದ ಮೇಷ್ಟ್ರು ಬರೆದದ್ದನ್ನು ಬೇರೆಯವನೊಬ್ಬ ಕದ್ದು ತನ್ನ ಹೆಸರಿನಲ್ಲಿ ಹಾಕಿದನೆಂದು ಜಗಳವಾಗಿ, ಎರಡೂ ಖಾಲಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕಳ್ಳತನ ಸಾಬೀತಾಯಿತು.

ಆಗಸ್ಟಿನಲ್ಲಿ ಬೋಚಸ್ ಚೆಂಡಾಟದ ಕ್ಲಬ್ಬಿನಲ್ಲಿ ವಾರ್ಷಿಕ ಸಭೆ ನಡೆಯಿತು. ಅಷ್ಟರಲ್ಲಿ ದಿಮ್ಮಿಗಳಿಂದ ತಪ್ಪಿಸಿಕೊಳ್ಳಲು ಎಲ್ಲರೂ ಸೊನ್ನೆಗೆ ಇಳಿದಾಗಿತ್ತು. ಡಾಕ್ಟರೂ ಇಳಿದಿದ್ದರು, ದಿಮ್ಮಿಗಳನ್ನು ಮರೆತು, ಬರಿಗೈಯಲ್ಲಿ. ಸೊನ್ನೆಯಲ್ಲಿ ಮಾತು ಹುಟ್ಟಿರಲಿಲ್ಲ, ಬೆಂಕಿಯೂ ಇರಲಿಲ್ಲ. ಸಭೆಗೆ ಬಂದ ಇಪ್ಪತ್ತೈದು ಮಂದಿ, ಅವರಲ್ಲೊಬ್ಬರು ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ, ಬೇಯಿಸದ ಸಾಸೇಜಿನ ತಟ್ಟೆ ಮುಂದಿಟ್ಟುಕೊಂಡು, ಗಂಟಲಲ್ಲಿ ಗುರುಗುಟ್ಟುತ್ತ ಕೂತಿದ್ದರು. ಮಾತಾಡಬಲ್ಲ, ಬರೆಯಬಲ್ಲ ದೇಶ ಒಂದೇ ಉಳಿದಿತ್ತು. ಅದಕ್ಕೆ ಹಬೆ ರೈಲೂ ಇತ್ತು. ಸೆಯ್ಬಾಲ್ ಜಗತ್ತಿನ ಏಕೈಕ ಮಹಾಶಕ್ತಿಯಾಗಿತ್ತು.

ನಿಬಿಯಾ ಎದ್ದು ನಿಂತಳು. ಏನು ಮಾತಾಡಬೇಕೆಂದು ಅವಳಿಗೇ ತಿಳಿದಿರಲಿಲ್ಲ. "ಸಮಿತಿಗೆ ಅಧ್ಯಕ್ಷರು ಬೇಕಲ್ಲ," ಅಂದಳು ಕೊನೆಗೆ. "ಆದೇಶ ಬರೆಯೋಕೆ ಅಕ್ಷರ ಬರೋವ್ರು ಇರ್ಬೇಕು. ಯಾರ್ದಾದ್ರೂ ಆಕ್ಷೇಪಣೆ ಇದ್ರೆ ಹೇಳಿ."

ಹೇಳಲು ಮಾತು ಬೇಕಿತ್ತು. ಡಾಕ್ಟರ್ ಎಡಗೈ ಎತ್ತಿದರು.

"ನೋವಾಗ್ತಿದ್ಯಾ ಡಾಕ್ಟ್ರೇ?" ಅಂದಳು ನಿಬಿಯಾ. "ಸ್ವಲ್ಪ ಹೊತ್ತು. ಸರಿಹೋಗುತ್ತೆ." ಗೊತ್ತುವಳಿ ಸರ್ವಾನುಮತದಿಂದ ಅಂಗೀಕಾರವಾಯಿತು.

ಮರುದಿನ ಗ್ಲಾದಿಸ್ ಬುರುಡೆಗೆ ಬಿಸಿನೀರು ಹೊಯ್ಯುತ್ತ, "ಅಂತೂ ಗೆದ್ದೆ. ಇವತ್ತೇ ಆ ತಂತಿ ಮಂಜೂರು ಮಾಡ್ಕೊಂಬಿಡು, ಪಾಪ ಆ ರೈಲಿನೋರು," ಅಂದಳು.

ನಿಬಿಯಾ ತನ್ನದೇ ಕಡತ ತೆರೆದಳು. ಡಾಕ್ಟರೂ ಮಟ್ಟ ಕಳೆದುಕೊಂಡಾಗಿತ್ತು, ಹೆದರುವಂಥದ್ದೇನೂ ಉಳಿದಿರಲಿಲ್ಲ. ಪೆನ್ನು ಹಿಡಿದಳು. ಪುಟ ತಿರುವಿದಳು. ಅವಳ ಹುಬ್ಬು ಗಂಟಿಕ್ಕಿತು.

"ಏನೇ?"

"ಪಾದ್ರಿ ಹೆಸರು ಎರಡು ಕಡೆ ಎರಡು ಥರ ಇದೆ."

"ನೀನೇ ತಾನೇ ಬರೆದಿದ್ದು!"

"ಬರೆದೋಳು ಅರ್ಜಿದಾರಳು," ಅಂದಳು ನಿಬಿಯಾ. ಅವಳ ದನಿಯಲ್ಲಿ ಗ್ಲಾದಿಸ್ ಹಿಂದೆಂದೂ ಕೇಳದ ಒಂದು ಶಾಂತಿಯಿತ್ತು. "ಈಗ ನಾನು ಅಧ್ಯಕ್ಷೆ. ಹೇಗೆ ಬಿಡೋಕ್ಕಾಗುತ್ತೆ? ನಾಳೆ ಎಲ್ರೂ ಕೇಳ್ತಾರೆ."

ಅರ್ಜಿದಾರಳಿಗೆ ಹಿಂಬರಹ ಕಳಿಸಿದಳು. ಅರ್ಜಿದಾರಳಿಂದ ಉತ್ತರ ಬರಲಿಲ್ಲ. ಜ್ಞಾಪನ ಕಳಿಸಿದಳು. ಸೆಪ್ಟೆಂಬರ್ ಹೊತ್ತಿಗೆ ಮೂರನೇ ಜ್ಞಾಪನವೂ ಹೋಗಿತ್ತು. ಇತ್ತ ಒಂಬತ್ತನೇ ತಾರೀಕಿನ ಢಿಕ್ಕಿಯನ್ನು ವೇಳಾಪಟ್ಟಿಯಲ್ಲೇ ಸೇರಿಸಿದ್ದಾಯಿತು: ಹತ್ತು ನಲವತ್ತು, ಗುದ್ದುವಿಕೆ, ನಿಲುಗಡೆ ಮೂರು ನಿಮಿಷ. ಇದರಿಂದ ಪ್ರಯಾಣಿಕರಿಗೆ ಅನುಕೂಲವಾಗಿ, ರೈಲು ಹೊತ್ತಿಗೆ ಸರಿಯಾಗಿ ಓಡತೊಡಗಿತು. ಮೂರನೇ ನಿಲ್ದಾಣದ ಮೇಲ್ವಿಚಾರಕ ಮರುಮದುವೆಯಾದ.

ಅಕ್ಟೋಬರಿನ ಒಂದು ಮಂಗಳವಾರ ದೋನ್ ವಿಲ್ಮಾರ್ ಟಿಕೆಟ್ ಕೌಂಟರಿನ ಸಾಲಿನಲ್ಲಿ ಬಂದು ನಿಂತರು. ಬಲಗೈ ಮತ್ತೆ ನಡುಗುತ್ತಿತ್ತು. ತಮ್ಮ ಸರದಿ ಬಂದಾಗ ಟೋಪಿ ತೆಗೆದು, ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: "ಇಲ್ಲಿ ಮಾತಾಡ್ಬಹುದು ತಾನೆ? ಇದು ಸಭೆ ಅಲ್ವಲ್ಲ?"

"ಹೇಳಿ ದೋನ್ ವಿಲ್ಮಾರ್."

"ನಮ್ಮ ದೇಶಕ್ಕೆ ಬೆಂಕಿ ಬೇಕಿತ್ತಮ್ಮ. ಕಚೇರಿಗಳೆಲ್ಲ ತುಂಬಾ ತಣ್ಣಗಾಗಿವೆ. ನಿಮ್ಮ ಕಡತ ವಿಲೇವಾರಿಯಾಗದೆ ಇನ್ನೊಂದು ತೆರೆಯೋ ಹಾಗಿಲ್ಲ, ಗೊತ್ತು, ಆ ನಿಯಮ ನಾನೇ ಮಾಡಿದ್ದು. ಸುಮ್ನೆ ತಗೊಂಡು ಒಂದು ಸ್ವೀಕೃತಿ ಕೊಟ್ರೆ ಸಾಕು." ಒಳಜೇಬಿನಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದು ಗಾಜಿನ ಕೆಳಗಿಂದ ತೂರಿಸಿದರು.

ಹಾಳೆ ಖಾಲಿಯಿತ್ತು. ನಿಬಿಯಾ ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಹಿಂದೆ ತಿರುಗಿಸಿ ಅದನ್ನೂ ಓದಿದಳು. ಸಾಲಿನಲ್ಲಿದ್ದವರು ತಾಳ್ಮೆಯಿಂದ ಕಾದರು. ಫ್ರಾಯ್ ಬೆಂತೋಸ್ ಬಸ್ಸು ಹೊರಟುಹೋಯಿತು.

"ಇದನ್ನ ತಗೊಳ್ಳೋಕ್ಕಾಗಲ್ಲ ದೋನ್ ವಿಲ್ಮಾರ್. ಮೂರನೇ ಪ್ಯಾರಾ ನೋಡಿ. ಬೆಂಕಿ ಯಾವ ಉದ್ದೇಶಕ್ಕೆ ಅಂತ ಬರೆದೇ ಇಲ್ಲ."

ದೋನ್ ವಿಲ್ಮಾರ್ ಹಾಳೆಯನ್ನು ವಾಪಸ್ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಬೆರಳಿನಿಂದ ಒಂದೊಂದೇ ಸಾಲು ಹುಡುಕುತ್ತ ಬಂದು ನಡುವೆ ಒಂದು ಕಡೆ ನಿಲ್ಲಿಸಿದರು.

"ಹೌದಲ್ಲ!" ಅಂದರು. ಅವರ ಕಣ್ಣು ತುಂಬಿ ಬಂತು. "ನನ್ನ ಕಣ್ಣಿಗೂ ಬೀಳ್ಲಿಲ್ಲ ನೋಡಿ. ನಿಮ್ಮಂಥೋರು ನಮ್ಮ ಕಚೇರಿಲಿ ಒಬ್ರಾದ್ರೂ ಇರ್ಬೇಕಿತ್ತಮ್ಮ."

ಹಾಳೆಯನ್ನು ಜೋಪಾನವಾಗಿ ಮಡಚಿಕೊಂಡು, ತಿದ್ದಿ ತರಲು ಮನೆಗೆ ಹೋದರು.